ಅಂಬಾಬಾಯಿಯವರ ಮಗಳು

ಕಳೆದ ವರ್ಷ ಮಳೆಗಾಲದ ಕೊನೆಗೆ, ನಮ್ಮ ಕ್ವಾರ್ಟರ್ಸಿನ ಸಾಲಿನಲ್ಲೇ ಇದ್ದ ಕನ್ನಡದ ಕುಟುಂಬವೊಂದರ ಯಜಮಾನರು ಹಠಾತ್ತನೆ ತೀರಿಕೊಂಡರು. ನಮ್ಮ ಹಾಗೆಯೇ ಕೇಂದ್ರ ಸರಕಾರದ ನೌಕರಿ, ನಮ್ಮ ಹಾಗೆಯೇ ಧಾರವಾಡದ ಕಡೆಯವರು. ಹಾಡುವವರು ಯಾರೇ ಇರಲಿ, ತಬಲಾಕ್ಕೆ ಕೂಡುವವರು ಅವರೇ ಎಂಬುದು ನಮ್ಮ ಸಂಘದಲ್ಲಿ ಬಹಳ ವರ್ಷಗಳಿಂದ ನಡೆದುಬಂದ ಮಾತಾಗಿತ್ತು. ಅವರಿಗೆ ಹತ್ತು ವರ್ಷದ ಒಬ್ಬ ಮಗ. ಹದಿಮೂರನೆಯ ದಿನದ ವಿಧಿ ಮುಗಿದು ಊರಿನಿಂದ ಬಂದ ನೆಂಟರೆಲ್ಲ ಹೊರಟುಹೋದ ಮೇಲೆ ಆ ಹುಡುಗ ಸಂಜೆ ಶಾಲೆಯಿಂದ ಬಂದವನೇ ನಮ್ಮ ಮನೆಯ ಮೆಟ್ಟಿಲ ಮೇಲೆ ಕುಳಿತುಬಿಡುತ್ತಿದ್ದ. ಅಳುತ್ತಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ, ಅಷ್ಟೆ.

ಒಂದು ದಿನ ಅವನ ತಾಯಿ ನಮ್ಮ ಮನೆಗೆ ಬಂದು, "ಅಣ್ಣಾರ, ಸಂಘದ ಲೈಬ್ರರಿ ಕೀಲಿ ನಿಮ್ಮ ಹಂತ್ಯಾಕ ಐತಲ್ರಿ. ಇವಗ ಓದಾಕ ಒಂದು ಛಲೋ ಪುಸ್ತಕ ಇದ್ರ ಕೊಡ್ರಿ. ತಬಲಾ ಹಂಗ ಗವಸ ಹಾಕಿ ಇಟ್ಟೇವಿ. ಅದರ ಕಡೆ ತಿರುಗಿ ಸುದ್ಧಾ ನೋಡವಲ್ಲ" ಎಂದರು.

ಸಂಘದ ಲೈಬ್ರರಿ ಎಂದರೆ ಎರಡು ಉಕ್ಕಿನ ಕಪಾಟು. ಹೋದವರು ಬಿಟ್ಟುಹೋದ ಪುಸ್ತಕಗಳು, ವರ್ಗವಾಗಿ ಬೇರೆ ಊರಿಗೆ ನಡೆದವರು ದಾನ ಮಾಡಿದ ಪುಸ್ತಕಗಳು. ಒಂದು ಭಾನುವಾರ ಪೂರ್ತಿ ಧೂಳು ಜಾಡಿಸಿ ಹುಡುಕಿದೆವು. ಕಾರಂತರ 'ಬಾಲ ಪ್ರಪಂಚ' ಸಿಕ್ಕಿತು. ಭಾರತ-ಭಾರತಿ ಮಾಲೆಯ ಕಿರುಪುಸ್ತಕಗಳು ಒಂದು ಕಟ್ಟು ಸಿಕ್ಕವು. 'ಚಂದಮಾಮ'ದ ಹಳೆಯ ಸಂಚಿಕೆಗಳಂತೂ ಬೇಕಾದಷ್ಟು. ಆದರೆ ಈ ಹುಡುಗನಿಗೆ ಬೇಕಾದದ್ದು ಸಿಗಲಿಲ್ಲ. ನಮ್ಮ ಮಕ್ಕಳ ಕಥೆಗಳಲ್ಲಿ ತಂದೆ ಮೊದಲನೆಯ ಪುಟದಲ್ಲಿ ಸತ್ತರೆ ಎರಡನೆಯ ಪುಟದಲ್ಲಿ ಮಗ ಬುತ್ತಿ ಕಟ್ಟಿಕೊಂಡು ದೇಶಾಂತರ ಹೋಗುತ್ತಾನೆ, ನಾಲ್ಕನೆಯ ಪುಟದಲ್ಲಿ ರಾಜನ ಅಳಿಯನಾಗುತ್ತಾನೆ. ನಡುವೆ ಅಳುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ. ತಾಯಿಯನ್ನೋ ತಂದೆಯನ್ನೋ ಕಳೆದುಕೊಂಡ ಮಗು ಒಂದು ವಾದ್ಯವನ್ನು ಹಿಡಿದು ನಿಧಾನವಾಗಿ ಚೇತರಿಸಿಕೊಳ್ಳುವಂಥ ಮಕ್ಕಳ ಕಾದಂಬರಿಗಳು ಇಂಗ್ಲಿಷಿನಲ್ಲಿವೆ. ಅಂಥದೊಂದು ಕನ್ನಡದ್ದು ನಮ್ಮ ಕಪಾಟಿನಲ್ಲಿ ಇರಲಿಲ್ಲ.

ಕೀಲಿ ಹಾಕಿಕೊಂಡು ಮನೆಗೆ ನಡೆದು ಬರುವಾಗ ನಮಗೆ ಹೊಳೆದದ್ದು ಇಷ್ಟು: ಕಾದಂಬರಿಯೇ ಏಕೆ ಬೇಕು? ಹುಬ್ಬಳ್ಳಿ, ಕುಂದಗೋಳ, ಗದಗಿನ ಸುತ್ತ ಐವತ್ತು ಅರವತ್ತು ಕಿಲೋಮೀಟರಿನೊಳಗೆ ಇದು ಕಾದಂಬರಿಯಾಗಿ ಅಲ್ಲ, ನಿಜವಾಗಿಯೇ ನಡೆದಿದೆಯಲ್ಲ.

ಗುಮಾಸ್ತರ ಅಭ್ಯಾಸದಂತೆ ಮೊದಲು ತಾರೀಖು ಬರೆದುಬಿಡುತ್ತೇವೆ. ಸರ್ವಿಸ್ ಬುಕ್ಕಿನಲ್ಲಿ ಹುಟ್ಟಿದ ದಿನ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ಗಂಗೂಬಾಯಿ ಹಾನಗಲ್ ಅವರು ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದಲ್ಲಿ. ತಂದೆ ಚಿಕ್ಕೂರಾವ್ ನಾಡಿಗೇರ, ತಾಯಿ ಅಂಬಾಬಾಯಿ. ಹಾನಗಲ್ಲು ತಾಯಿಯ ಕಡೆಯ ಮೂಲದ ಊರು. ಮಗುವಿಗೆ ಇಟ್ಟ ಹೆಸರು ಗಾಂಧಾರಿ. ಅಂಬಾಬಾಯಿಯವರು ಕರ್ನಾಟಕ ಸಂಗೀತವನ್ನು ಚೆನ್ನಾಗಿ ಬಲ್ಲವರು. ಆ ಕಾಲಕ್ಕೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲಿ ಮೇಲಿನಿಂದ ಹಿಂದೂಸ್ತಾನಿ ಗಾಳಿ ಬೀಸುತ್ತಿತ್ತು. ಹಾಗಿದ್ದರೂ ಅಂಬಾಬಾಯಿಯವರ ಮನೆಗೆ ಅವರ ಹಾಡು ಕೇಳಲು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರಂಥವರು ಬರುತ್ತಿದ್ದರು.

ಹುಡುಗಿಯ ಕಿವಿ ಮಾತ್ರ ಬೀದಿಯ ಕಡೆಗೆ. ಎಲ್ಲಾದರೂ ಗ್ರಾಮಫೋನು ಹಾಡಿತೆಂದರೆ ಓಡಿಹೋಗಿ ನಿಲ್ಲುತ್ತಿದ್ದಳಂತೆ. ಆಗ್ರಾದ ಜೋಹ್ರಾಬಾಯಿಯವರ ಪ್ಲೇಟುಗಳು ಆಗ ಊರೂರಿಗೆ ಬಂದಿದ್ದ ಕಾಲ. ತಾಯಿ ಇದನ್ನು ನೋಡಿದರು. ಮಗಳ ಒಲವು ಹಿಂದೂಸ್ತಾನಿಯ ಕಡೆಗೆ ಎಂಬುದನ್ನು ತಿಳಿದರು.

ಇನ್ನೂ ಎರಡು ಸಂಗತಿಗಳನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. ಚಿಕ್ಕಂದಿನಲ್ಲಿ ಗೆಳತಿಯರ ಜೊತೆ ನೆರೆಯವರ ತೋಟದಲ್ಲಿ ಮಾವಿನಕಾಯಿ ಕದಿಯಲು ಹೋಗಿ ಸಿಕ್ಕಿಬಿದ್ದಾಗ, ತೋಟದವರಿಗೆ ಸಿಟ್ಟು ಬಂದದ್ದು ಮಾವಿನಕಾಯಿ ಹೋದದ್ದಕ್ಕಲ್ಲ, ಹಾಡುವವಳ ಮಗಳು ತೋಟದೊಳಗೆ ಕಾಲಿಟ್ಟಳಲ್ಲ ಎಂದು. ಮುಂದೆ ಅಂಥವರೇ ತಮ್ಮನ್ನು ಮನೆಗೆ ಕರೆದು ಸತ್ಕರಿಸಿದ್ದನ್ನು ಗಂಗೂಬಾಯಿಯವರು ನಗುತ್ತಲೇ ಹೇಳಿಕೊಂಡಿದ್ದಾರೆ. ಎರಡನೆಯದು 1924ರ ಡಿಸೆಂಬರ್ ತಿಂಗಳ ಬೆಳಗಾವಿ ಕಾಂಗ್ರೆಸ್. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ ಅದು. ಅಲ್ಲಿ ಸ್ವಾಗತಗೀತೆ ಹಾಡಿದ ಬಾಲಕಿಯರಲ್ಲಿ ಹನ್ನೊಂದು ವರ್ಷದ ಈ ಹುಡುಗಿಯೂ ಒಬ್ಬಳು. ಹಾಡಿಗಿಂತ ಹೆಚ್ಚಾಗಿ ಅವಳನ್ನು ಕಾಡಿದ ಭಯವೆಂದರೆ, ಊಟದ ಹೊತ್ತಿಗೆ ತನ್ನನ್ನು ಬೇರೆ ಕೂಡಿಸುತ್ತಾರೋ ಏನೋ ಎಂಬುದು. ಹತ್ತು ಹನ್ನೊಂದು ವರ್ಷದ ಮಕ್ಕಳು ಹೊರಗೆ ತೋರಿಸದೆ ಎಷ್ಟನ್ನು ಹೊತ್ತುಕೊಂಡು ತಿರುಗುತ್ತಾರೆ ಎಂಬುದಕ್ಕೆ ಇದನ್ನು ಬರೆದೆವು.

1928ರಲ್ಲಿ ಕುಟುಂಬ ಧಾರವಾಡವನ್ನು ಬಿಟ್ಟು ಹುಬ್ಬಳ್ಳಿಗೆ ಬಂತು. ಕಾರಣ ಮಗಳ ಸಂಗೀತ ಶಿಕ್ಷಣ. ಹುಲಗೂರ ಕೃಷ್ಣಾಚಾರ್ಯರು ಮೊದಲ ಹಿಂದೂಸ್ತಾನಿ ಪಾಠ ಹೇಳಿದರು. ಆಮೇಲೆ ದತ್ತೋಪಂತ ದೇಸಾಯರು. ಈ ಹೊತ್ತಿಗೆ ಅಂಬಾಬಾಯಿಯವರು ಒಂದು ಕೆಲಸ ಮಾಡಿದರು. ಮಗಳ ಕಂಠದಲ್ಲಿ ಹಿಂದೂಸ್ತಾನಿಯ ಜೊತೆಗೆ ಕರ್ನಾಟಕದ ನಡೆ ಬೆರೆತು ಎರಡೂ ಕೆಡಬಾರದೆಂದು ತಾವೇ ಹಾಡುವುದನ್ನು ನಿಲ್ಲಿಸಿಬಿಟ್ಟರು.

ಈ ಒಂದು ವಾಕ್ಯವನ್ನು ಬರೆದು ನಾವು ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟೆವು. ತಾಯಂದಿರು ಮಕ್ಕಳಿಗಾಗಿ ಬಂಗಾರ ಒತ್ತೆಯಿಟ್ಟದ್ದನ್ನು ಕೇಳಿದ್ದೇವೆ, ಊಟ ಬಿಟ್ಟದ್ದನ್ನು ಕಂಡಿದ್ದೇವೆ. ತಮ್ಮ ಕೊರಳನ್ನೇ ಬಿಟ್ಟುಕೊಟ್ಟ ತಾಯಿ ಅಪರೂಪ. ಬಿ.ಎಸ್ಸಿ. ಓದುವಾಗ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ನಮಗೆ ಬೀಟ್ಸ್ ಎಂಬುದನ್ನು ತೋರಿಸಿದ್ದರು. ಎರಡು ಶ್ರುತಿಕವೆಗಳ ಕಂಪನಾಂಕದಲ್ಲಿ ಒಂದೆರಡರ ವ್ಯತ್ಯಾಸವಿದ್ದರೆ ಸದ್ದು ಅಲೆಅಲೆಯಾಗಿ ಏರುತ್ತದೆ, ಇಳಿಯುತ್ತದೆ. ತಂಬೂರಿಯ ನಡುವಿನ ಜೋಡು ತಂತಿಗಳಲ್ಲೂ ಇದೇ. ಎರಡೂ ಸರಿಯಾಗಿ ಕೂಡಿದಾಗ ಆ ನಡುಕ ಹೋಗುತ್ತದೆ. ಒಂದು ಮನೆಯಲ್ಲಿ ಹತ್ತಿರಹತ್ತಿರದ ಎರಡು ಸಂಗೀತಗಳಿದ್ದಾಗ ಏಳುವ ನಡುಕವನ್ನು ಅಂಬಾಬಾಯಿಯವರು ಒಂದು ತಂತಿಯನ್ನೇ ಸುಮ್ಮನಿರಿಸಿ ನಿಲ್ಲಿಸಿದರು. ಹೋಲಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಸಂಗೀತ ಬಲ್ಲವರು ಹೇಳಬೇಕು. ಕಡತ ಹೊರುವ ನೌಕರಿಯಲ್ಲಿ ನಮ್ಮ ಬಿ.ಎಸ್ಸಿ. ಉಪಯೋಗಕ್ಕೆ ಬರುವುದೇ ಇಂಥ ಕಡೆ.

1932ರಲ್ಲಿ ಅಂಬಾಬಾಯಿಯವರು ತೀರಿಕೊಂಡರು. ಬಹಳ ಕಾಲ ಕಳೆಯುವ ಮೊದಲೇ ತಂದೆಯೂ ಹೋದರು. ಗಂಗೂಬಾಯಿಗೆ ಆಗ ಹತ್ತೊಂಬತ್ತು. ಹದಿನಾರಕ್ಕೇ ವಕೀಲ ಗುರುರಾವ್ ಕೌಲಗಿಯವರೊಡನೆ ಬಾಳು ಕೂಡಿತ್ತು, ಮನೆಯಲ್ಲಿ ಪುಟ್ಟ ಮಗಳು ಕೃಷ್ಣಾ ಇದ್ದಳು. ಹತ್ತೊಂಬತ್ತು ದೊಡ್ಡ ವಯಸ್ಸೇ ಎಂದು ಕೇಳುವವರಿದ್ದಾರೆ. ತಾಯಿ ಹೋದ ದಿನ ಎಲ್ಲರದೂ ಸಣ್ಣ ವಯಸ್ಸೇ. ಅಷ್ಟಲ್ಲದೆ ಇಲ್ಲಿ ಹೋದದ್ದು ತಾಯಿ ಮಾತ್ರವಲ್ಲ. ಯಾರ ಮೌನದ ಮೇಲೆ ತನ್ನ ಹಾಡು ನಿಂತಿತ್ತೋ ಅವರು ಹೋದರು. ಈಗ ಹಾಡದೆ ಇದ್ದರೆ ಆ ಮೌನಕ್ಕೆ ಅರ್ಥವೇ ಇಲ್ಲ, ಹಾಡಿದರೆ ಕೇಳಲು ಅವರಿಲ್ಲ.

ಕಥೆಯಾಗಿದ್ದರೆ ಮರುದಿನವೇ ತಂಬೂರಿ ಎತ್ತಿಕೊಂಡು ಕುಳಿತು ದುಃಖವನ್ನೆಲ್ಲ ಒಂದು ಮಾರವಾದಲ್ಲಿ ಹರಿಸಿಬಿಡಬಹುದಾಗಿತ್ತು. ನಡೆದದ್ದು ಹಾಗಲ್ಲ. ನಡುವೆ ಸುಮಾರು ಐದು ವರ್ಷಗಳಿವೆ. ಸಂಸಾರ, ಮಕ್ಕಳು, ಹಣದ ಮುಗ್ಗಟ್ಟು. ಆ ದಶಕದಲ್ಲೇ ಗ್ರಾಮಫೋನು ಕಂಪನಿಯವರ ಕರೆ ಬಂತು, ಮುಂಬಯಿಯಲ್ಲಿ ಪ್ಲೇಟುಗಳಾದವು. ಅವುಗಳ ಮೇಲೆ ಅಚ್ಚಾದ ಹೆಸರು ಗಾಂಧಾರಿ. ನಮ್ಮ ವಿದರ್ಭದ ಓದುಗರು ಇಲ್ಲಿ ಸ್ವಲ್ಪ ಹೆಮ್ಮೆಪಡಬಹುದು. ಆ ಕಾಲದ ಒಂದು ಮರಾಠಿ ಭಾವಗೀತೆಯಲ್ಲಿ ಗಾಂಧಾರಿಯ ಜೊತೆ ದನಿಗೂಡಿಸಿದವರು ವಿದರ್ಭದ ಕಡೆಯವರೇ ಆದ ಜಿ. ಎನ್. ಜೋಶಿ. ವಕೀಲಿ ಓದಿ, ಹಾಡಿನ ಹಿಂದೆ ಹೋಗಿ, ಮುಂದೆ ಎಚ್.ಎಂ.ವಿ. ಕಂಪನಿಯಲ್ಲೇ ಹೆಸರಾದವರು. ಆ ಗೀತೆ ಬರೆದ ಕವಿ ರಾಜಾ ಬಢೆಯವರಂತೂ ನಾಗಪುರದಲ್ಲೇ ಹುಟ್ಟಿದವರು. ಹುಬ್ಬಳ್ಳಿಯ ಹುಡುಗಿಯ ದನಿಗೂ ನಮ್ಮ ಈ ಸಂತ್ರಾ ಊರಿಗೂ ಅಷ್ಟು ಹಿಂದೆಯೇ ನಂಟು ಬಿದ್ದಿತ್ತು ಎಂಬುದನ್ನು ಇಲ್ಲಿಯ ಮರಾಠಿ ಮಿತ್ರರಿಗೆ ಹೇಳಿದಾಗ ಅವರೂ ಅಚ್ಚರಿಪಟ್ಟರು.

ಇನ್ನು ಕುಂದಗೋಳ. ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಸುಮಾರು 20 ಕಿಲೋಮೀಟರು. ಅಬ್ದುಲ್ ಕರೀಂ ಖಾನರ ಶಿಷ್ಯರಾದ ರಾಮಭಾವು ಕುಂದಗೋಳಕರ್, ಎಂದರೆ ಸವಾಯಿ ಗಂಧರ್ವರು, ಮರಾಠಿ ನಾಟಕ ಕಂಪನಿಗಳಲ್ಲಿ ಬಹುಕಾಲ ಮೆರೆದು ಊರಿಗೆ ಮರಳಿದ್ದರು. ದತ್ತೋಪಂತ ದೇಸಾಯರ ಮೂಲಕ ಗಂಗೂಬಾಯಿಗೆ ಅವರ ಪರಿಚಯವಾಗಿತ್ತು. ಕ್ರಮವಾದ ಶಿಕ್ಷಣ ಶುರುವಾದದ್ದು 1937-38ರ ಸುಮಾರಿಗೆ. ಆ 1937ರ ಅಕ್ಟೋಬರಿನಲ್ಲೇ ಖಾನ್ ಸಾಹೇಬರು ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಶನ್ನಿನಲ್ಲಿ ರೈಲಿಳಿದು ಅಲ್ಲಿಯೇ ಪ್ರಾಣ ಬಿಟ್ಟರು. ಅಂಬಾಬಾಯಿಯವರ ಹಾಡು ಕೇಳಲು ಬರುತ್ತಿದ್ದ ಕಿವಿಯೂ ಹೋಯಿತು. ಅವರ ಶಿಷ್ಯನ ಎದುರಿಗೆ ಅಂಬಾಬಾಯಿಯವರ ಮಗಳು ಕುಳಿತಳು.

ಹುಬ್ಬಳ್ಳಿಯಿಂದ ಸಂಜೆಯ ರೈಲು, ರಾತ್ರಿ ಮರಳಿ ರೈಲು. ಆಗ ಅದು ಮೀಟರ್ ಗೇಜ್. ಇದು ಒಂದು ದಿನದ್ದಲ್ಲ, ವರ್ಷಗಳ ಪರಿಪಾಠ. ದಾರಿಯಲ್ಲಿ ಜನ ಗಾನೇವಾಲಿ ಎಂದು ಆಡಿಕೊಳ್ಳುವುದನ್ನು ಕೇಳಿಕೊಂಡೇ ಹೋಗಬೇಕಿತ್ತು. ಆ ಕಾಲಕ್ಕೆ ಗುರುಗಳ ಮನೆಯಲ್ಲೇ ಇದ್ದು ನೀರು ಹೊತ್ತು ಸೇವೆ ಮಾಡಿಕೊಂಡು ಕಲಿಯುತ್ತಿದ್ದ ಹುಡುಗ ಗದಗಿನ ಭೀಮಸೇನ ಜೋಶಿ. ರಾತ್ರಿ ಪಾಠ ಮುಗಿದ ಮೇಲೆ ಗಂಗೂಬಾಯಿಯವರನ್ನು ಸ್ಟೇಶನ್ನಿನವರೆಗೆ ಕಳಿಸಿಬರುವುದು ಅವರ ಪಾಲಿಗೆ ಬಂದ ಕೆಲಸ. ಆ ಹುಡುಗನೂ ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡವನು. ಹನ್ನೊಂದನೆಯ ವಯಸ್ಸಿಗೆ, 1933ರಲ್ಲಿ, ಗುರುವನ್ನು ಹುಡುಕುತ್ತ ಮನೆಬಿಟ್ಟು ಉತ್ತರದೇಶವನ್ನೆಲ್ಲ ಸುತ್ತಿ ಬಂದವನು. ಕತ್ತಲಲ್ಲಿ ಆ ಇಬ್ಬರು ಸ್ಟೇಶನ್ನಿನ ದಾರಿ ಹಿಡಿದು ನಡೆಯುವ ಚಿತ್ರ ಒಂದು ನಮ್ಮ ಕಣ್ಣಿಗೆ ಕಟ್ಟಿಬಿಟ್ಟಿದೆ. ಅವರು ಏನು ಮಾತಾಡಿಕೊಳ್ಳುತ್ತಿದ್ದರೋ. ಮಾತಿಗಿಂತ ಆ ದಿನದ ಪಾಠವನ್ನೇ ಗುನುಗಿಕೊಂಡು ಹೋಗಿದ್ದರೂ ಹೋಗಿರಬಹುದು.

ಪಾಠವೆಂದರೆ ಏನು? ಸವಾಯಿ ಗಂಧರ್ವರು ರಾಗಗಳ ಪಟ್ಟಿ ಬೆಳೆಸುವವರಲ್ಲ. ಕೆಲವೇ ರಾಗಗಳು. ಒಂದು ಪಲುಕು ಕೊಟ್ಟರೆ ಅದನ್ನೇ ಗಂಟೆಗಟ್ಟಲೆ ತಿರುಗಿ ತಿರುಗಿ ಹಾಡಿಸುವುದು. ಜಿಪುಣ ದುಡ್ಡು ಎಣಿಸಿ ಖರ್ಚು ಮಾಡುವ ಹಾಗೆ ಸ್ವರಗಳನ್ನು ಖರ್ಚು ಮಾಡಬೇಕೆಂಬುದು ಗುರುಗಳಿಂದ ತಾವು ಕಲಿತ ಪಾಠವೆಂದು ಗಂಗೂಬಾಯಿ ಮುಂದೆ ಹೇಳುತ್ತಿದ್ದರು. ಮುಂದಿನ ಸ್ವರಕ್ಕೆ ಹೋಗುವ ಆತುರ ಅವರ ಹಾಡಿಕೆಯಲ್ಲಿ ಇಲ್ಲ. ಷಡ್ಜದ ಮೇಲೆ ನಿಂತರೆ ನಿಂತೇಬಿಟ್ಟರು.

ನಮಗೆ ಅನ್ನಿಸುವುದು ಇದು. ಸಂಗೀತ ದುಃಖವನ್ನು ವಾಸಿಮಾಡುತ್ತದೆ ಎಂದು ಈಗ ಎಲ್ಲರೂ ಹೇಳುತ್ತಾರೆ. ಸಂಗೀತ ಚಿಕಿತ್ಸೆ ಎಂದು ಭಾಷಣಗಳೂ ಆಗುತ್ತವೆ. ತಲೆನೋವಿಗೆ ಗುಳಿಗೆ ಇದ್ದ ಹಾಗೆ ಈ ದುಃಖಕ್ಕೆ ಈ ರಾಗ ಎಂಬ ಮಾತನ್ನು ನಾವು ನಂಬುವುದಿಲ್ಲ. ಗಂಗೂಬಾಯಿಯವರಿಗೆ ಸಿಕ್ಕದ್ದು ಔಷಧವಲ್ಲ, ಒಂದು ವೇಳಾಪಟ್ಟಿ. ಇಂತಿಷ್ಟು ಗಂಟೆಗೆ ರೈಲು, ಇಂತಿಷ್ಟು ಹೊತ್ತು ಒಂದೇ ಪಲುಕು, ಕತ್ತಲಲ್ಲಿ ಜೊತೆಗೆ ಬರುವ ಒಬ್ಬ ಹುಡುಗ. ದುಃಖ ಅಲ್ಲಿಯೇ ಇತ್ತು. ಅದಕ್ಕೂ ಆ ರೈಲಿನಲ್ಲಿ ಒಂದು ಜಾಗ ಸಿಕ್ಕಿತು.

ಗದಗಿನ ಮಾತನ್ನು ಹೇಳಿದರೆ ಇದು ಇನ್ನಷ್ಟು ತಿಳಿಯಾಗುತ್ತದೆ. ಅಲ್ಲಿಯ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳು ಹುಟ್ಟಿದ್ದು 1892ರಲ್ಲಿ, ಹಾನಗಲ್ಲಿನ ಸೀಮೆಯಲ್ಲಿ. ಕಣ್ಣಿಲ್ಲದ ಬಾಲಕ ಗದಿಗೆಯ್ಯನ ಕಂಠವನ್ನು ಗುರುತಿಸಿ ಸಂಗೀತಕ್ಕೆ ಹಚ್ಚಿದವರು ಹಾನಗಲ್ಲ ಕುಮಾರಸ್ವಾಮಿಗಳು. ಆ ಗದಿಗೆಯ್ಯನೇ ಪಂಚಾಕ್ಷರಿ ಗವಾಯಿಯಾಗಿ, ತನ್ನಂತೆ ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗಿದರು. ಆ ಮಕ್ಕಳಲ್ಲೊಬ್ಬ ಪುಟ್ಟಯ್ಯ. 1914ರ ಮಾರ್ಚ್ 3ರಂದು ದೇವಗಿರಿಯಲ್ಲಿ ಹುಟ್ಟಿ, ಹಸುಗೂಸಿನಲ್ಲೇ ಕಣ್ಣು ಕಳೆದುಕೊಂಡು, ತಂದೆತಾಯಿಯ ಆಸರೆಯೂ ತಪ್ಪಿ, ಸೋದರಮಾವನ ಮನೆಯಲ್ಲಿ ಬೆಳೆದ ಮಗು. ತಾಯಿಯ ಮುಖವನ್ನು ನೋಡಿ ನೆನಪಿಟ್ಟುಕೊಳ್ಳುವ ಭಾಗ್ಯವೂ ಇರಲಿಲ್ಲ. 1944ರಲ್ಲಿ ಗುರುಗಳು ತೀರಿಕೊಂಡ ಮೇಲೆ ಆಶ್ರಮದ ಹೊರೆ ಹೊತ್ತವರು ಇದೇ ಪುಟ್ಟರಾಜ ಗವಾಯಿಗಳು. ಜೋಳಿಗೆ ಹಿಡಿದರು, ನಾಟಕ ಬರೆದರು, ನಾಟಕ ಕಂಪನಿ ನಡೆಸಿ ಅದರ ದುಡ್ಡಿನಿಂದ ನೂರಾರು ಮಕ್ಕಳಿಗೆ ಅನ್ನ ಹಾಕಿದರು. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷದ ಸೆಪ್ಟೆಂಬರ್ 17ಕ್ಕೆ ತೀರಿಕೊಂಡರು.

ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಯಲಿವಾಳದ ಬಸವರಾಜ ರಾಜಗುರುಗಳು ಬಂದು ನಿಂತದ್ದೂ ಪಂಚಾಕ್ಷರಿ ಗವಾಯಿಗಳ ಬಳಿಗೇ. ಅವರ ಮೊದಲ ಗುರು ಅವರ ತಂದೆಯೇ ಆಗಿದ್ದರು. 1936ರಲ್ಲಿ ಹಂಪಿಯಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವ ನಡೆದಾಗ ಈ ಹುಡುಗ ಹಾಡಿದ, ಗುರುಗಳು ತಾವೇ ತಬಲಾಕ್ಕೆ ಕುಳಿತರು. ಹುಡುಗನ ಹಾಡಿಗೆ ಗುರುವೇ ಠೇಕಾ ಹಿಡಿದ ಈ ಸಂಗತಿಯನ್ನು ಓದಿದಾಗ ನಮಗೆ ಆ ಗವಸು ಹಾಕಿಟ್ಟ ತಬಲಾ ನೆನಪಾಗದೆ ಇರಲಿಲ್ಲ.

ಗದಗಿನಲ್ಲಿ ಮಕ್ಕಳಿಗೆ ಯಾರೂ ನಿನ್ನ ದುಃಖ ಕಡಿಮೆಯಾಯಿತೇ ಎಂದು ಕೇಳಿರಲಾರರು. ಹಾರ್ಮೋನಿಯಂ, ತಬಲಾ, ಪಿಟೀಲು, ಯಾವುದು ಕೈಗೆ ಹತ್ತುತ್ತದೆಯೋ ಅದನ್ನು ಕೊಟ್ಟರು, ಬೆಳಗಿನ ಜಾವ ಎಬ್ಬಿಸಿ ಸಾಧನೆಗೆ ಕೂಡಿಸಿದರು, ಹೊಟ್ಟೆಗೆ ರೊಟ್ಟಿ ಕೊಟ್ಟರು. ಮುಂದೆ ಒಂದು ಜೀವನೋಪಾಯವಾಯಿತು. ನಮ್ಮ ನಾಡಿನವರು ಕಂಡುಕೊಂಡ ಉಪಾಯ ಇಷ್ಟು ಸರಳವಾದದ್ದು.

ಗಂಗೂಬಾಯಿಯವರ ಮುಂದಿನ ಬಾಳು ಎಲ್ಲರಿಗೂ ಗೊತ್ತಿದ್ದದ್ದೇ. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ. ಗುರುರಾವ್ ಕೌಲಗಿಯವರು 1966ರಲ್ಲಿ ಹೋದರು. ಆದರೆ ನಾವು ಹೇಳಬೇಕೆಂದಿರುವುದು ಮಗಳ ವಿಷಯ. ಅಜ್ಜಿ ತೀರಿಕೊಂಡಾಗ ಇನ್ನೂ ಕೂಸಾಗಿದ್ದ ಕೃಷ್ಣಾ ಬೆಳೆದು, ತಾಯಿಯ ಹಿಂದೆ ತಂಬೂರಿ ಹಿಡಿದು ಕುಳಿತು, ದಶಕಗಟ್ಟಲೆ ಸಾಥ್ ಕೊಟ್ಟಳು. ಹಳೆಯ ಧ್ವನಿಮುದ್ರಣಗಳನ್ನು ಕೇಳಿದವರಿಗೆ ಗೊತ್ತು: ಗಂಗೂಬಾಯಿಯವರ ಗಂಭೀರ ದನಿ ಒಂದೆಡೆ ನಿಂತಾಗ ಹಿಂದಿನಿಂದ ಒಂದು ತೆಳುವಾದ ದನಿ ಆ ಎಳೆಯನ್ನು ಎತ್ತಿಕೊಳ್ಳುತ್ತದೆ. ಅಂಬಾಬಾಯಿ ಮಗಳಿಗಾಗಿ ಹಾಡು ಬಿಟ್ಟರು. ಕೃಷ್ಣಾ ತಾಯಿಯ ಹಾಡಿಗೆ ತನ್ನ ಹಾಡನ್ನು ಆಸರೆಯಾಗಿ ಇಟ್ಟಳು. 2004ರಲ್ಲಿ ಆ ಕೃಷ್ಣಾ ಕ್ಯಾನ್ಸರಿನಿಂದ ತಾಯಿಗಿಂತ ಮೊದಲೇ ಹೋದರು. ತಾಯಿಗೆ ಆಗ 91 ವರ್ಷ. ಹತ್ತೊಂಬತ್ತಕ್ಕೆ ತಾಯಿ, ತೊಂಬತ್ತೊಂದಕ್ಕೆ ಮಗಳು. ಅದಾದ ಮೇಲೂ ಅವರು ಹಾಡಿದರು. 2006ರಲ್ಲಿ ವೇದಿಕೆಯ ಮೇಲೆ ಕುಳಿತಿದ್ದರು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ಕೊನೆಯುಸಿರೆಳೆದರು. ಕಣ್ಣುಗಳನ್ನು ದಾನ ಮಾಡಿ ಹೋದರು.

ಇದನ್ನೆಲ್ಲ ಆ ಹುಡುಗನಿಗೆ ನಾವು ಒಂದೇ ಸಲಕ್ಕೆ ಹೇಳಲಿಲ್ಲ. ದಿನಾ ಸಂಜೆ ಮೆಟ್ಟಿಲ ಮೇಲೆ ಕುಳಿತು ಸ್ವಲ್ಪ ಸ್ವಲ್ಪ. ಪ್ರಶಸ್ತಿಗಳ ಮಾತು ಬಂದಾಗ ಅವನ ಗಮನ ಬೇರೆ ಕಡೆ ಹೋಗುತ್ತಿತ್ತು. ಬೆಳಗಾವಿಯ ಊಟದ ಭಯದ ಮಾತು ಬಂದಾಗ ತಲೆ ಎತ್ತಿದ. ತಾಯಿ ಹಾಡು ನಿಲ್ಲಿಸಿದ್ದನ್ನು ಹೇಳಿದಾಗ ಒಂದು ಪ್ರಶ್ನೆ ಕೇಳಿದ. "ಕಾಕಾ, ಅವರವ್ವ ಮನ್ಯಾಗ ಯಾರೂ ಇಲ್ದಾಗ ಒಬ್ರ ಹಾಡ್ಕೋತಿದ್ರೇನ್ರಿ?"

ನಮಗೆ ಉತ್ತರ ಹೊಳೆಯಲಿಲ್ಲ. ನಮ್ಮ ಮನೆಯವರು ಒಳಗಿನಿಂದ, "ಹಾಡ್ಕೋತಿದ್ರು ಬಿಡಪಾ. ಅಡಿಗಿ ಮಾಡೂ ಮುಂದ ಯಾರು ಸುಮ್ನಿರ್ತಾರ?" ಎಂದರು.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಅವನ ತಾಯಿ ಬಂದರು. ಪುಸ್ತಕದ ಮಾತೇ ಎತ್ತಲಿಲ್ಲ. ಸಂಘದಲ್ಲಿ ಭಾನುವಾರದ ತಬಲಾ ಕ್ಲಾಸು ನಾಲ್ಕಕ್ಕೋ ಐದಕ್ಕೋ ಎಂದು ಕೇಳಿದರು. ಐದಕ್ಕೆ ಎಂದೆವು. ಬಾಯಾದ ಮೇಲೆ ಶಾಯಿ ಸ್ವಲ್ಪ ಕಿತ್ತಿದೆ, ಅದನ್ನು ಸರಿಮಾಡುವವರು ನಾಗಪುರದಲ್ಲಿ ಯಾರಿದ್ದಾರೆ ಎಂದು ಕೇಳಿದರು. ವಿಚಾರಿಸಿ ಹೇಳುತ್ತೇವೆ ಎಂದೆವು.